ವ್ಯಾನಿನ ಸದ್ದಡಗಿಸುವ ಹಾಳೆ: ಮಾರುವವರ ಹೊಣೆ ಎಷ್ಟು?

ರಾಜ್ಯದ ಯಾವುದೇ ಪೇಟೆಬೀದಿಯಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ, ಅಂಗಡಿಗಳ ಮುಂದೆ ಸರಕು ಇಳಿಸುತ್ತಿರುವ ಪುಟ್ಟ ವ್ಯಾನುಗಳು ಕಣ್ಣಿಗೆ ಬೀಳುತ್ತವೆ. ವಾರದ ಆರು ದಿನ ವ್ಯಾಪಾರಕ್ಕೆ ದುಡಿಯುವ ಅದೇ ವ್ಯಾನು ಏಳನೆಯ ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೋ ನೆಂಟರ ಮನೆಯ ಮದುವೆಗೋ ಹೊರಡುತ್ತದೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ಬಂದು ಮುಂದೆ ಓಮ್ನಿ ಎನಿಸಿಕೊಂಡ ವಾಹನ ಈ ಎರಡು ಪಾತ್ರಗಳನ್ನೂ ಮೂರು ದಶಕಗಳಿಗೂ ಮೀರಿ ನಿರ್ವಹಿಸಿತು. 2019ರಲ್ಲಿ ಅದರ ತಯಾರಿಕೆ ನಿಂತಿತಾದರೂ 2010ರಲ್ಲಿ ಬಂದ ಈಕೋ ಆ ಸ್ಥಾನವನ್ನು ತುಂಬಿದೆ. ಅಗ್ಗದ ಬೆಲೆ, ಪಕ್ಕಕ್ಕೆ ಸರಿಯುವ ಬಾಗಿಲು, ವಿಶಾಲವಾದ ಒಳಾವರಣ, ಸುಲಭದ ದುರಸ್ತಿ ಇವುಗಳಿಂದಾಗಿ ಸಣ್ಣ ವರ್ತಕರ ಮನೆಗಳಲ್ಲಿ ಇಂತಹ ವಾಹನಗಳಿಗೆ ಭದ್ರವಾದ ನೆಲೆ ದೊರೆತಿದೆ.

ಇವುಗಳ ಬಗ್ಗೆ ಮನೆಯವರೆಲ್ಲರ ದೂರು ಒಂದೇ: ಸದ್ದು. ಹೆದ್ದಾರಿಯಲ್ಲಿ ಗಂಟೆಗೆ 70 ಕಿ.ಮೀ. ವೇಗ ದಾಟಿತೆಂದರೆ ಹಿಂದಿನ ಆಸನದಲ್ಲಿ ಕುಳಿತ ಹಿರಿಯರ ಮಾತು ಮುಂದಿನವರಿಗೆ ಕೇಳಿಸದು, ಮಗು ಮಲಗದು, ಚಾಲಕನಿಗೆ ಊರು ಸೇರುವಷ್ಟರಲ್ಲಿ ತಲೆ ಭಾರವಾಗಿರುತ್ತದೆ. ಆದುದರಿಂದಲೇ ಕೆಲವು ವರ್ಷಗಳಿಂದ, ಆಸನ ಮತ್ತು ನೆಲಹಾಸನ್ನು ತಾವೇ ಬಿಚ್ಚಿ, ತಗಡಿಗೆ ಶಬ್ದನಿರೋಧಕ ಹಾಳೆಗಳನ್ನು ಅಂಟಿಸಿಕೊಳ್ಳುವ ಗೃಹಸ್ಥರು ಕಂಡುಬರುತ್ತಿದ್ದಾರೆ. ಇದು ಒಂದು ಭಾನುವಾರದ ಕೆಲಸ. ಬೇಕಾದುದು ಕೆಲವು ಪಾನಾ, ಒಂದು ರೋಲರ್, ಒಂದು ಕತ್ತರಿ ಮತ್ತು ಹಾಳೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಬಿಡಿಭಾಗಗಳ ಅಂಗಡಿಗಳವರೆಗೆ ವರ್ತಕರಿಗೆ ಇದೊಂದು ಹೊಸ ವಹಿವಾಟು. ರಬ್ಬರ್ ಮತ್ತು ಫೋಮ್ ಕೈಗಾರಿಕೆಯವರಿಗೆ ಹೊಸ ಅವಕಾಶ.

ಆದರೆ ಈ ವಹಿವಾಟು ಬೇರೂರುವುದಕ್ಕೆ ಮೊದಲೇ ಹೆಸರು ಕೆಡಿಸಿಕೊಳ್ಳುವ ಅಪಾಯವಿದೆ. ಹೊಳೆಯುವ ಅಲ್ಯೂಮಿನಿಯಂ ಮುಖವುಳ್ಳ ಹಾಳೆಗಳೆಲ್ಲ ಗ್ರಾಹಕನ ಕಣ್ಣಿಗೆ ಒಂದೇ. ಅದರ ಹಿಂದೆ ಇರುವುದು ಬ್ಯೂಟೈಲ್ ರಬ್ಬರೋ ಡಾಂಬರೋ ಎಂಬುದನ್ನು ಹೇಳಬೇಕಾದವರು ತಯಾರಿಸಿದವರು ಮತ್ತು ಮಾರುವವರು. ಹಾಳೆ ಯಾವುದರಿಂದ ಆಗಿದೆ, ಎಷ್ಟು ತೂಗುತ್ತದೆ, ಎಷ್ಟು ಬಿಸಿ ತಡೆಯುತ್ತದೆ, ಬೆಂಕಿ ತಗುಲಿದರೆ ಹೇಗೆ ವರ್ತಿಸುತ್ತದೆ ಎಂಬ ನಾಲ್ಕು ಮಾತುಗಳನ್ನು ಪ್ರತಿಯೊಂದು ಪೊಟ್ಟಣದ ಮೇಲೂ ಸತ್ಯವಾಗಿ ಬರೆಯುವ ಪರಿಪಾಠವನ್ನು ಸರ್ಕಾರದ ಆದೇಶಕ್ಕೆ ಕಾಯದೆ ವರ್ತಕ ಸಮುದಾಯವೇ ರೂಢಿಗೆ ತರಬೇಕಾಗಿದೆ.

ಸದ್ದು ಎಲ್ಲಿಂದ ಬರುತ್ತದೆ?

ಮಾರುವವರಿಗೆ ಮೊದಲು ಸದ್ದಿನ ಸ್ವಭಾವ ತಿಳಿದಿರಬೇಕು. ಓಡುವ ವ್ಯಾನಿನೊಳಗೆ ಕೇಳುವ ಸದ್ದು ಎರಡು ಹಾದಿಗಳಿಂದ ಬರುತ್ತದೆ. ಟೈರು ರಸ್ತೆಯ ಒರಟಿಗೆ ತಾಗಿ ಹುಟ್ಟುವ ಅದುರು ಸಸ್ಪೆನ್ಷನ್ ಮೂಲಕ ದೇಹದ ತಗಡಿಗೆ ಏರಿ, ಅಗಲವಾದ ತಗಡುಗಳನ್ನು ತಮಟೆಯ ಚರ್ಮದಂತೆ ಮಿಡಿಸುತ್ತದೆ. ಗುಂಯ್‌ಗುಡುವ ತಗ್ಗು ಸ್ವರದ ಸದ್ದು ಬಹುಮಟ್ಟಿಗೆ ಇದೇ. ಎರಡನೆಯದು ಗಾಳಿಯಲ್ಲೇ ಸಾಗಿಬಂದು ಬಾಗಿಲ ಸಂದು, ಗಾಜು, ನೆಲದ ರಂಧ್ರಗಳಿಂದ ಒಳನುಗ್ಗುವ ಏರುಸ್ವರದ ಸದ್ದು. ಓಮ್ನಿ ಹಾಗೂ ಈಕೋ ವಾಹನಗಳಲ್ಲಿ ಇಂಜಿನ್ನು ಮುಂದಿನ ಆಸನಗಳ ಕೆಳಗೇ ಇರುವುದರಿಂದ ಅದರ ಸದ್ದೂ ಬಿಸಿಯೂ ನೇರವಾಗಿ ಕುಳಿತವರ ಬಳಿಗೇ ಬರುತ್ತವೆ.

ಹಾಳೆ ಕೊಳ್ಳುವುದಕ್ಕೆ ಮುಂಚೆ ನೋಡಬೇಕಾದ ಸಂಗತಿಗಳು ಹಲವಿವೆ. ಟೈರಿನ ಗಾಳಿ ತಯಾರಕರು ಸೂಚಿಸಿದಷ್ಟಿದೆಯೇ? ಟೈರು ಏರುಪೇರಾಗಿ ಸವೆದಿದೆಯೇ? ಚಕ್ರದ ಬೇರಿಂಗು ಗುರ್ರೆನ್ನುತ್ತಿದೆಯೇ? ಬಾಗಿಲ ಬೀಡಿಂಗ್ ಒಣಗಿ ಬಿರುಕು ಬಿಟ್ಟಿದೆಯೇ? ಸ್ಟೆಪ್ನಿ, ಜಾಕು, ಆಸನದ ಬೋಲ್ಟುಗಳು ಸಡಿಲವಾಗಿವೆಯೇ? ಇವುಗಳಲ್ಲಿ ಒಂದೇ ದೋಷವಿದ್ದರೂ ಎಷ್ಟು ಹಾಳೆ ಅಂಟಿಸಿದರೂ ಹಣ ನೀರಿಗೆ ಹಾಕಿದಂತೆ. ಟೈರಿನ ಉರುಳುಸದ್ದಿಗೂ ಈಗ ಮಿತಿಯಿದೆ. ಉರುಳುವಾಗಿನ ಸದ್ದು, ಉರುಳುತಡೆ ಮತ್ತು ಒದ್ದೆ ರಸ್ತೆಯ ಹಿಡಿತ ಇವುಗಳ ಬಗ್ಗೆ ಎಐಎಸ್-142 ಮಾನದಂಡವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2022ರಲ್ಲಿ ಕಡ್ಡಾಯದ ಚೌಕಟ್ಟಿಗೆ ತಂದಿತು. ಹಳೆಯ ಟೈರು ಬದಲಿಸುವ ಕಾಲ ಹೇಗೂ ಬಂದಿದ್ದರೆ ಗ್ರಾಹಕನಿಗೆ ಮೊದಲು ಅದನ್ನೇ ಹೇಳುವುದು ನ್ಯಾಯ. ಮೊದಲ ಭೇಟಿಯಲ್ಲಿ ಹಾಳೆಯ ಬದಲು ಒಂದು ಬೀಡಿಂಗ್ ಮಾತ್ರ ಮಾರಿ ಕಳುಹಿಸಿದ ಅಂಗಡಿಗೆ ಆ ಗ್ರಾಹಕ ಮತ್ತೆ ಬಂದೇ ಬರುತ್ತಾನೆ.

ಮೂರು ಸಾಮಗ್ರಿ, ಮೂರು ಕೆಲಸ

ಪೇಟೆಯಲ್ಲಿ ಎಲ್ಲವನ್ನೂ 'ಸೌಂಡ್ ಪ್ರೂಫ್ ಶೀಟು' ಎಂಬ ಒಂದೇ ಹೆಸರಿನಿಂದ ಮಾರುವುದೇ ಅರ್ಧ ಗೊಂದಲಕ್ಕೆ ಕಾರಣ. ವಾಸ್ತವವಾಗಿ ಸಾಮಗ್ರಿಗಳು ಮೂರು ಬಗೆ. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಮೊದಲನೆಯದು ಅದುರು ತಡೆಯುವ ಹಾಳೆ. ತಗಡಿಗೂ ಮೇಲಿನ ಅಲ್ಯೂಮಿನಿಯಂ ಪದರಕ್ಕೂ ನಡುವೆ ಅಂಟಂಟಾದ ರಬ್ಬರು ಸಿಕ್ಕಿಕೊಂಡಿರುತ್ತದೆ. ತಗಡು ಅದುರಿದಾಗ ಆ ರಬ್ಬರು ಹಿಂದುಮುಂದಾಗಿ ಎಳೆದಾಡಲ್ಪಟ್ಟು, ಅದುರಿನ ಶಕ್ತಿಯನ್ನು ಅತ್ಯಲ್ಪ ಬಿಸಿಯಾಗಿ ಮಾರ್ಪಡಿಸುತ್ತದೆ. ಇಲ್ಲಿ ಅಲ್ಯೂಮಿನಿಯಂ ಪದರವು ಅಲಂಕಾರಕ್ಕಲ್ಲ. ಕೆಲಸದ ಅರ್ಧ ಅದರದೇ. ಉತ್ತಮ ಹಾಳೆಗಳಲ್ಲಿ ಈ ಪದರ 100 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಚಪಾತಿ ಸುತ್ತುವ ಕಾಗದದಷ್ಟು ತೆಳುವಾದರೆ ರಬ್ಬರಿನೊಡನೆ ತಾನೂ ಜಗ್ಗಿ, ಪ್ರಯೋಜನ ಕುಗ್ಗುತ್ತದೆ. ಇಂತಹ ಹಾಳೆಯನ್ನು ಗೋಡೆಗೆ ಸುಣ್ಣ ಬಳಿದಂತೆ ಮೂಲೆಮೂಲೆಗೂ ಹಚ್ಚಬೇಕಾಗಿಲ್ಲ. ಬೆರಳ ಗೆಣ್ಣಿನಿಂದ ತಗಡನ್ನು ತಟ್ಟಿ, ಟಣ್ಣೆನ್ನುವ ಅಗಲ ಭಾಗಗಳನ್ನು ಗುರುತಿಸಿ, ಅವುಗಳ ಕಾಲು ಭಾಗದಿಂದ ಅರ್ಧ ಭಾಗದಷ್ಟು ನಡುವಿಗೆ ಅಂಟಿಸಿದರೆ ಲಾಭದ ಬಹುಪಾಲು ದೊರೆತಂತೆ.

ಎರಡನೆಯದು ಸದ್ದಿಗೆ ಅಡ್ಡಗೋಡೆಯಾಗುವ ಭಾರದ ಹಾಳೆ. ಬೇರಿಯಂ ಸಲ್ಫೇಟ್ ಮುಂತಾದ ಭಾರದ ಪುಡಿ ಬೆರೆಸಿದ ವಿನೈಲ್ ಹಾಳೆಯು ಚದರ ಮೀಟರಿಗೆ ಸುಮಾರು 5 ಕಿ.ಗ್ರಾಂ. ತೂಗುತ್ತದೆ. ಅಡ್ಡಗೋಡೆಯ ತೂಕ ಇಮ್ಮಡಿಯಾದರೆ ಅದು ತಡೆಯುವ ಸದ್ದು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ ಎಂಬುದು ಸ್ಥೂಲ ನಿಯಮ. ಆದರೆ ಸಂದು ಉಳಿಯಬಾರದು. ಶೇ. 1ರಷ್ಟು ಜಾಗ ತೆರೆದಿದ್ದರೂ, ಉಳಿದ ಭಾಗ ಎಷ್ಟೇ ಭಾರವಾಗಿರಲಿ, ಒಟ್ಟು ತಡೆ 20 ಡೆಸಿಬೆಲ್ ಮೀರದು. 'ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು' ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಮೂರನೆಯದು ಫೋಮ್ ಮತ್ತು ನಾರಿನ ಹಾಸು. ಮುಚ್ಚಿದ ಕೋಶಗಳ ಫೋಮ್ ನೀರು ಹೀರದು. ತಗಡಿಗೂ ಒಳಹೊದಿಕೆಗೂ ನಡುವಿನ ತಿಕ್ಕಾಟ, ಕಿರಕಿರ ಸದ್ದುಗಳನ್ನು ನಿವಾರಿಸುತ್ತದೆ. ಆದರೆ ಅದು ಸದ್ದನ್ನು ಅಷ್ಟಾಗಿ ಹೀರುವುದಿಲ್ಲ. ತೆರೆದ ಕೋಶಗಳ ಫೋಮ್ ಹಾಗೂ ನಾರಿನ ಹಾಸು ಏರುಸ್ವರವನ್ನು ಹೀರುತ್ತವೆ, ಜೊತೆಗೆ ನೀರನ್ನೂ ಹೀರುತ್ತವೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ವ್ಯಾನಿನ ನೆಲಕ್ಕೆ ಇಂತಹ ಹಾಸು ಹಾಕಿದರೆ ತುಕ್ಕಿಗೆ ಆಹ್ವಾನ ಕೊಟ್ಟಂತೆಯೇ.

ಡಾಂಬರೋ, ಬ್ಯೂಟೈಲೋ?

ಅತಿ ಹೆಚ್ಚು ವಂಚನೆಗೆ ಎಡೆಯಿರುವುದು ಮೊದಲ ಬಗೆಯ ಹಾಳೆಯಲ್ಲಿ. ಡಾಂಬರು ಕೆಟ್ಟ ಸಾಮಗ್ರಿಯೆಂದು ಹೇಳಲಾಗದು. ವಾಹನ ತಯಾರಕರೇ ಡಾಂಬರು ಆಧಾರಿತ ಹಾಳೆಗಳನ್ನು ನೆಲದ ತಗಡಿನ ಮೇಲಿರಿಸಿ, ಬಣ್ಣ ಒಣಗಿಸುವ ಕುಲುಮೆಯ ಬಿಸಿಯಲ್ಲಿ ಅವು ತಗಡಿಗೆ ಬೆಸೆದುಕೊಳ್ಳುವಂತೆ ಮಾಡುವ ಪದ್ಧತಿ ಹಳೆಯದು. ತೊಂದರೆ ಬರುವುದು, ಬರಿಯ ಅಂಟಿನ ಬಲದಿಂದ ಚಾವಣಿಗೂ ಬಾಗಿಲಿಗೂ ಹಚ್ಚುವ ಹಾಳೆಯಲ್ಲಿ ಡಾಂಬರು ತುಂಬಿ ಅದನ್ನು ಬ್ಯೂಟೈಲ್ ಎಂದು ಮಾರಿದಾಗ.

ರಸ್ತೆಗೆ ಬಳಸುವ ವಿಜಿ-30 ದರ್ಜೆಯ ಡಾಂಬರು ಮೆದುವಾಗುವ ಉಷ್ಣತೆಯ ಕನಿಷ್ಠ ಮಿತಿ 47 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವಾಗ, ಬಿಸಿಲಲ್ಲಿ ನಿಂತ ವ್ಯಾನಿನ ಚಾವಣಿಯ ತಗಡು 70 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಆಗ ಇಂತಹ ಹಾಳೆ ಜಾರುತ್ತದೆ, ಒಳಹೊದಿಕೆಗೆ ಕಪ್ಪು ಸೋರುತ್ತದೆ, ವಾಸನೆ ಬಿಡುತ್ತದೆ. ಸದ್ದಡಗಿಸಲು ಹೋದ ಗೃಹಸ್ಥ ಮೂಗು ಮುಚ್ಚಿಕೊಂಡು ಪ್ರಯಾಣ ಮಾಡಬೇಕಾಗುತ್ತದೆ. ಅದನ್ನು ಕೆರೆದು ತೆಗೆಯುವ ಶ್ರಮ ಅಂಟಿಸಿದ ಶ್ರಮದ ಹಲವು ಪಟ್ಟು. ಅಂತಹ ಗ್ರಾಹಕ ತನಗೆ ಮೋಸವಾಯಿತೆಂದು ಹತ್ತು ಮಂದಿಗೆ ಹೇಳುತ್ತಾನೆ. ಕೇಳಿದ ಹತ್ತು ಮಂದಿ ಒಳ್ಳೆಯ ಹಾಳೆಯನ್ನೂ ನಂಬುವುದಿಲ್ಲ.

ಬ್ಯೂಟೈಲ್ ರಬ್ಬರ್ ಇದಕ್ಕೆ ಭಿನ್ನ. 1937ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಕೃತಕ ರಬ್ಬರು ಗಾಳಿಯನ್ನು ಬಿಟ್ಟುಕೊಡದ ಗುಣದಿಂದ ಟೈರಿನ ಟ್ಯೂಬುಗಳಿಗೆ ಬಂದಿತು. ಅದುರನ್ನು ನುಂಗುವ ಗುಣವೂ ಅದಕ್ಕೆ ಸಹಜ. ಚಳಿಯಲ್ಲಿ ಬಿರುಸಾಗದು, ಬೇಸಿಗೆಯಲ್ಲಿ ಹರಿಯದು.

ಎರಡನ್ನೂ ಬೇರ್ಪಡಿಸಿ ನೋಡಲು ಅಂಗಡಿಯವರಿಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಒಂದು ತುಂಡನ್ನು ತಗಡಿಗೆ ಅಂಟಿಸಿ, 80 ಡಿಗ್ರಿಯ ಓವನ್ನಿನಲ್ಲಿ ಲಂಬವಾಗಿ ನಿಲ್ಲಿಸಿ ಕೆಲವು ಗಂಟೆ ಬಿಡಲಿ: ಜಾರಿತೇ, ಡಾಂಬರಿನ ವಾಸನೆ ಬಂದಿತೇ ಎಂಬುದು ತಾನಾಗಿ ತಿಳಿಯುತ್ತದೆ. ಇನ್ನೊಂದು ತುಂಡನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಗ್ಗೆ ಬಾಗಿಸಲಿ: ಬ್ಯೂಟೈಲ್ ಬಾಗುತ್ತದೆ, ಡಾಂಬರು ಬಿರಿಯುವ ಸಂಭವ ಹೆಚ್ಚು. ತಕ್ಕಡಿಯೂ ಸಾಕ್ಷಿ ಹೇಳುತ್ತದೆ. 2 ಮಿ.ಮೀ. ದಪ್ಪದ, ಸಾಂದ್ರತೆ 1.6ರಷ್ಟಿರುವ ಹಾಳೆ ಚದರ ಮೀಟರಿಗೆ 3.2 ಕಿ.ಗ್ರಾಂ. ತೂಗಲೇಬೇಕು, ಪೊಟ್ಟಣದ ಮೇಲಿನ ದಪ್ಪಕ್ಕೂ ತೂಕಕ್ಕೂ ತಾಳೆಯಾಗದಿದ್ದರೆ ಎಲ್ಲೋ ಸುಳ್ಳಿದೆ. ಆದರೆ ಸುಣ್ಣದ ಪುಡಿ ತುಂಬಿಯೂ ತೂಕ ಬರಿಸಬಹುದಾದ್ದರಿಂದ ತಕ್ಕಡಿಯೊಂದನ್ನೇ ನೆಚ್ಚುವಂತಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ; ಭಾರವಾಗಿರುವುದೆಲ್ಲ ಬ್ಯೂಟೈಲೂ ಅಲ್ಲ.

ಕಾನೂನು ಹೇಳುವುದು, ವಿವೇಕ ಹೇಳುವುದು

2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕರ ಹೆಸರು ವಿಳಾಸ, ನಿವ್ವಳ ಪ್ರಮಾಣ, ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ, ಆಮದು ಸರಕಾದರೆ ಮೂಲ ದೇಶ ಇವುಗಳನ್ನು ನಮೂದಿಸಬೇಕು. ದೊಡ್ಡ ಉರುಳೆಯಿಂದ ಕತ್ತರಿಸಿ ಹೆಸರಿಲ್ಲದೆ ಮಾರುವ ಹಾಳೆಗಳಲ್ಲಿ ಇದಾವುದೂ ಕಾಣುವುದಿಲ್ಲ.

ಇದಕ್ಕಿಂತ ಗಂಭೀರವಾದುದು 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ. ಸರಕಿನಿಂದ ಹಾನಿಯಾದಾಗ ಸಾಮಾನ್ಯವಾಗಿ ಹೊಣೆ ತಯಾರಕರದು. ಆದರೆ ಮಾರುವವರು ತಾವೇ ಬೇರೆ ಭರವಸೆ ನೀಡಿದ್ದರೆ, ತಯಾರಕರು ಯಾರೆಂದೇ ತಿಳಿಯದಿದ್ದರೆ ಅಥವಾ ತಯಾರಕರ ಎಚ್ಚರಿಕೆಯನ್ನು ಗ್ರಾಹಕನಿಗೆ ದಾಟಿಸದಿದ್ದರೆ ಮಾರುವವರೂ ಹೊಣೆಗಾರರಾಗಬಹುದು. 'ಇದು ಅಸಲಿ ಬ್ಯೂಟೈಲ್, ಏನೂ ಆಗುವುದಿಲ್ಲ' ಎಂದು ಗಲ್ಲೆಯ ಮುಂದೆ ಸಲೀಸಾಗಿ ಆಡುವ ಮಾತು ನಾಳೆ ಆಯೋಗದ ಮುಂದೆ ಭರವಸೆಯಾಗಿ ನಿಲ್ಲಬಹುದೆಂಬುದನ್ನು ವರ್ತಕರು ಮರೆಯಬಾರದು.

ಬೆಂಕಿಯ ವಿಚಾರವಂತೂ ಉಪೇಕ್ಷಿಸತಕ್ಕದ್ದಲ್ಲ. ವಾಹನದೊಳಗಿನ ಸಾಮಗ್ರಿ ಎಷ್ಟು ಬೇಗ ಉರಿಯಬಹುದೆಂಬುದಕ್ಕೆ ಭಾರತೀಯ ಮಾನಕ ಐಎಸ್ 15061 ಇದೆ. ಸರಕು ಸುತ್ತಲು ಬರುವ ಅಗ್ಗದ ಫೋಮನ್ನು ಇಂಜಿನ್ನಿನ ಮೇಲಿನ ಮುಚ್ಚಳಕ್ಕೆ ಅಂಟಿಸುವುದು, ಅದೂ ಆಸನದ ಕೆಳಗೇ ಇಂಜಿನ್ ಇರುವ ವ್ಯಾನಿನಲ್ಲಿ, ಮನೆಮಂದಿಯ ಪ್ರಾಣದೊಡನೆ ಆಡುವ ಆಟ. ಸಿಎನ್‌ಜಿ ವಾಹನವಾದರೆ ಕೊಳವೆ, ಕವಾಟ, ಗಾಳಿಕಿಂಡಿಗಳನ್ನು ಮುಚ್ಚಲೇಬಾರದು. ಬಾಗಿಲ ಅಡಿಯ ನೀರಿಳಿಯುವ ರಂಧ್ರಗಳನ್ನು ಮುಚ್ಚಿದರೆ ಮೊದಲ ಮಳೆಗಾಲದಲ್ಲೇ ತುಕ್ಕು ಹತ್ತುತ್ತದೆ. ಸೀಟ್ ಬೆಲ್ಟಿನ ಬೋಲ್ಟುಗಳ ಕೆಳಗೆ ಹಾಳೆ ಸಿಕ್ಕಿಸಬಾರದು. ಏರ್‌ಬ್ಯಾಗಿನ ತಂತಿ ಮತ್ತು ಜೋಡಣೆಗಳನ್ನು ಮುಟ್ಟಬಾರದು. ಇಷ್ಟು ಮಾತುಗಳನ್ನು ಒಂದು ಪುಟದ ಕನ್ನಡ ಕರಪತ್ರದಲ್ಲಿ ಮುದ್ರಿಸಿ ಪ್ರತಿ ಪೊಟ್ಟಣದೊಡನೆ ಕೊಡುವುದಕ್ಕೆ ತಗಲುವ ವೆಚ್ಚ ಎಷ್ಟು ತಾನೇ ಆದೀತು?

ಫಲಿತಾಂಶದ ಬಗ್ಗೆಯೂ ಪ್ರಾಮಾಣಿಕತೆ ಅಗತ್ಯ. ಸದ್ದಿನ ಶಕ್ತಿ ಅರ್ಧಕ್ಕಿಳಿದರೆ ಮಾಪನದಲ್ಲಿ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಆದರೆ ಕಿವಿಗೆ ಸದ್ದು ಅರ್ಧವಾದಂತೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಅಗಲವಾದ ಗಾಜುಗಳಿರುವ ವ್ಯಾನಿಗೆ ನೆಲ, ಬಾಗಿಲು, ಚಕ್ರದ ಕಮಾನುಗಳಿಗೆ ಹಾಳೆ ಹಚ್ಚಿದ ಮಾತ್ರಕ್ಕೆ ಅಷ್ಟು ಇಳಿಕೆಯನ್ನು ನಿರೀಕ್ಷಿಸುವುದು ಸರಿಯಲ್ಲ. ಆದರೂ ತಗಡಿನ ಗುಂಯ್‌ಗುಟ್ಟುವಿಕೆ ನಿಂತು ಮಾತು ಸ್ಪಷ್ಟವಾಗಿ ಕೇಳಿಸುವಂತಾಗುವುದು ಸಣ್ಣ ಲಾಭವೇನಲ್ಲ. ಅಷ್ಟನ್ನೇ ಹೇಳಿ ಮಾರಿದರೆ ಗ್ರಾಹಕ ತೃಪ್ತನಾಗುತ್ತಾನೆ, 'ಶೇ. 80 ಸದ್ದು ಮಾಯ' ಎಂದು ಹೇಳಿ ಮಾರಿದರೆ ಅದೇ ಫಲಿತಾಂಶಕ್ಕೆ ಸಿಟ್ಟಾಗುತ್ತಾನೆ.

ಸಣ್ಣ ಉದ್ದಿಮೆಗೆ ಬಾಗಿಲು ತೆರೆದಿದೆ

ಈ ಹಾಳೆಯ ತಯಾರಿಕೆ ನಮ್ಮ ಸಣ್ಣ ಉದ್ದಿಮೆಗಳ ಕೈಗೆ ಎಟುಕದ ವಿದ್ಯೆಯಲ್ಲ. ರಬ್ಬರನ್ನು ಭರ್ತಿಪುಡಿ ಮತ್ತು ಎಣ್ಣೆಯೊಡನೆ ನಾದುವುದು, ಸಮದಪ್ಪದ ಹಾಳೆಯಾಗಿ ಒತ್ತುವುದು, ಒಂದು ಮುಖಕ್ಕೆ ಅಲ್ಯೂಮಿನಿಯಂ, ಇನ್ನೊಂದು ಮುಖಕ್ಕೆ ಬಿಡಿಸುವ ಕಾಗದ ಕೂಡಿಸುವುದು ಇವೆಲ್ಲ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ರಬ್ಬರು ಘಟಕಗಳಿಗೆ ಪರಿಚಿತವಾದ ಕೆಲಸಗಳೇ. ಬ್ಯೂಟೈಲ್ ರಬ್ಬರು ಜಾಮ್‌ನಗರದಲ್ಲಿ ದೇಶೀಯವಾಗಿಯೇ ತಯಾರಾಗುತ್ತಿದೆ. ಭಾರಕ್ಕೆ ಬೇಕಾದ ಬೆರೈಟ್ ಖನಿಜಕ್ಕೆ ನೆರೆಯ ಆಂಧ್ರದ ಮಂಗಂಪೇಟೆ ಜಗತ್ಪ್ರಸಿದ್ಧ. ಪರೀಕ್ಷೆಗೆ ಮೈಸೂರಿನ ಸಿಪೆಟ್ ಸಂಸ್ಥೆ, ಠಾಣೆಯ ರಬ್ಬರ್ ಸಂಶೋಧನಾ ಸಂಸ್ಥೆ, ಪುಣೆಯ ಎಆರ್‌ಎಐ ಇವೆ. ಅದುರು ನುಂಗುವ ಗುಣವನ್ನು ಅಂಕಿಯಲ್ಲಿ ಹೇಳಲು ಎಎಸ್‌ಟಿಎಂ ಇ756 ಎಂಬ ಅಂಗೀಕೃತ ಪರೀಕ್ಷಾ ವಿಧಾನವಿದೆ. ಅಂತಹ ಒಂದು ಪರೀಕ್ಷಾ ವರದಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸುವ ಸ್ಥಳೀಯ ತಯಾರಕನಿಗೆ ಅನಾಮಧೇಯ ಆಮದು ಹಾಳೆಯ ಪೈಪೋಟಿ ಭಯ ಹುಟ್ಟಿಸಲಾರದು.

ಆಕ್ಷೇಪಗಳು

ಗ್ರಾಹಕ ಕೇಳುವುದು ಬೆಲೆಯನ್ನು ಮಾತ್ರ, ಗುಣವನ್ನಲ್ಲ ಎಂಬ ಮಾತು ಪೇಟೆಯಲ್ಲಿ ಸಾಮಾನ್ಯ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಗುಣ ಹೋಲಿಸಲು ಆತನ ಕೈಗೆ ಏನನ್ನೂ ಕೊಡದೆ ಬೆಲೆ ಮಾತ್ರ ಕೇಳುತ್ತಾನೆಂದು ದೂರುವುದು ಎಷ್ಟು ಸರಿ? ಡಾಂಬರು ಹಾಳೆಯನ್ನು ಡಾಂಬರು ಹಾಳೆಯೆಂದೇ ಬರೆದು, 'ನೆಲಕ್ಕೆ ಮಾತ್ರ, ಚಾವಣಿಗೆ ಬೇಡ' ಎಂದು ತಿಳಿಸಿ ಕಡಿಮೆ ಬೆಲೆಗೆ ಮಾರಲು ಯಾರ ಅಡ್ಡಿಯೂ ಇಲ್ಲ. ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಹೇಳುವ ಅಂಗಡಿಯಲ್ಲಿ ಗ್ರಾಹಕ ತನ್ನ ಶಕ್ತಿಗೆ ತಕ್ಕುದನ್ನು ಆರಿಸಿಕೊಳ್ಳುತ್ತಾನೆ.

ಮನೆಯವರೇ ಅಂಟಿಸಿಕೊಂಡರೆ ಫಿಟ್ಟರುಗಳ ಕೂಲಿ ಹೋಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಆದರೆ ಕೂಲಿ ಕೊಟ್ಟು ಮಾಡಿಸಲು ಶಕ್ತಿಯಿಲ್ಲದ ಗೃಹಸ್ಥ ಹೇಗೂ ಫಿಟ್ಟರಿನ ಗ್ರಾಹಕನಾಗಿರಲಿಲ್ಲ. ಆತ ಇಂದು ಹಾಳೆ, ರೋಲರ್, ಒಳಹೊದಿಕೆಯ ಕ್ಲಿಪ್ಪು, ಬೀಡಿಂಗ್ ಕೊಳ್ಳುತ್ತಾನೆ. ಚಾವಣಿಯಂತಹ ಕಷ್ಟದ ಭಾಗ ಬಂದಾಗ ಅದೇ ಫಿಟ್ಟರನ್ನು ಹುಡುಕಿಕೊಂಡು ಬರುತ್ತಾನೆ.

ತೂಕದ ವಿಷಯದಲ್ಲಿ ಎತ್ತುವ ಆಕ್ಷೇಪ ಮಾತ್ರ ನ್ಯಾಯವಾದುದು. 5 ಚದರ ಮೀಟರ್ ಹಾಳೆಗೆ 16 ಕಿ.ಗ್ರಾಂ., ಅದರ ಮೇಲೆ ಭಾರದ ವಿನೈಲ್ ಅಷ್ಟೇ ವಿಸ್ತೀರ್ಣಕ್ಕೆ 25 ಕಿ.ಗ್ರಾಂ. ಸೇರಿದರೆ, ಸರಕು ಸಾಗಿಸುವ ವ್ಯಾನು ಪ್ರತಿದಿನವೂ ಅಷ್ಟು ಭಾರವನ್ನು ಬಾಡಿಗೆಯಿಲ್ಲದೆ ಹೊರಬೇಕಾಗುತ್ತದೆ. ಆದುದರಿಂದಲೇ ಬೇಕಾದಷ್ಟನ್ನು ಮಾತ್ರ ಕೊಳ್ಳುವಂತೆ ಸಲಹೆ ನೀಡುವುದು ಮಾರುವವರ ಧರ್ಮವಾಗುತ್ತದೆ.

ಮಾಡಬೇಕಾದುದು

ಇಂತಹ ಸಣ್ಣ ಸರಕಿಗೆ ಪ್ರತ್ಯೇಕ ಕಾನೂನು ಬರಲೆಂದು ಕಾಯುವುದು ವ್ಯರ್ಥ. ಬಂದರೂ ಅದರ ಜೊತೆಗೆ ತಪಾಸಣೆ, ಪರವಾನಗಿ, ದಂಡಗಳ ಕಿರಿಕಿರಿಯೂ ಬರುತ್ತದೆ. ಅದಕ್ಕಿಂತ ಬಿಡಿಭಾಗಗಳ ವರ್ತಕರು ಮತ್ತು ರಬ್ಬರು ಉದ್ದಿಮೆದಾರರು ವಾಣಿಜ್ಯ ಮಂಡಳಿಯ ವೇದಿಕೆಯಲ್ಲಿ ಒಟ್ಟಿಗೆ ಕುಳಿತು, ಮೂಲ ಸಾಮಗ್ರಿ, ದಪ್ಪ ಹಾಗೂ ಚದರ ಮೀಟರಿನ ತೂಕ, ತಾಳುವ ಉಷ್ಣತೆ, ಉರಿಯುವ ಗುಣ ಎಂಬ ನಾಲ್ಕು ವಿವರಗಳ ಒಂದು ಮಾದರಿ ಚೀಟಿಯನ್ನು ಒಪ್ಪಿಕೊಳ್ಳುವುದು ಸುಲಭ. ಚೀಟಿಯಿಲ್ಲದ ಹಾಳೆಯನ್ನು ಕೊಳ್ಳುವುದಿಲ್ಲವೆಂದು ಒಂದು ಊರಿನ ಹತ್ತು ಅಂಗಡಿಗಳು ನಿರ್ಧರಿಸಿದರೂ ಸಗಟು ಪೇಟೆ ಬಗ್ಗಲೇಬೇಕು.

ಆನ್‌ಲೈನ್ ಮಾರಾಟದ ಈ ಕಾಲದಲ್ಲಿ ಬೆಲೆಯೊಂದರಿಂದಲೇ ಗ್ರಾಹಕನನ್ನು ಹಿಡಿದಿಡುವುದು ಊರಿನ ಅಂಗಡಿಗೆ ಸಾಧ್ಯವಿಲ್ಲ. ಮನೆಯ ಮುಂದೆ ವ್ಯಾನನ್ನು ಬಿಚ್ಚಿಟ್ಟುಕೊಂಡು ಕುಳಿತವನಿಗೆ ಅಗತ್ಯವಾದುದು, ಹೋಗಿ ಕೇಳಿದರೆ ನಿಜ ಹೇಳುವ ಒಂದು ಅಂಗಡಿ. ಆತ ಹಚ್ಚಿದ ಹಾಳೆ ಮೂರು ಬೇಸಿಗೆ, ಮೂರು ಮಳೆಗಾಲ ಕಳೆದರೂ ಜಾರದೆ ನಿಂತರೆ, ಮುಂದಿನ ಬಾರಿ ಟೈರಿಗೂ ಬ್ಯಾಟರಿಗೂ ಆತ ಬರುವುದು ಅದೇ ಅಂಗಡಿಗೆ.